ಗಳ ಮೊದಲು, ಬೂಸ್ಟರ್ ಆಮೇಲೆ

ಕಟ್ಟೆಮಳಲವಾಡಿಯ ತಾರಸಿಗಳ ಮೇಲೆ ಈಗ ಕಡ್ಡಿ ಆಂಟೆನಾ ಕಾಣಸಿಗುವುದು ಕಷ್ಟ. ಅದಕ್ಕೆ ನನಗೆ ಬೇಸರವಿಲ್ಲ, ಆಗ ನೋಡುತ್ತಿದ್ದ ಚಿತ್ರ ಚೆನ್ನಾಗಿರಲಿಲ್ಲ. ಆದರೆ ಆ ಆಂಟೆನಾ ಆರಿಸುವುದರಲ್ಲಿ ಒಂದು ತಿಳಿವಳಿಕೆ ಇತ್ತು. ಅದು ಬರೆದಿಡಬೇಕಾದ ವಿಷಯ.

ನಮ್ಮದು ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥ ಹೊಳೆಯ ಕಟ್ಟೆಯ ಊರು. ಹುಣಸೂರಿನಿಂದ ಮೈಸೂರಿಗೆ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್. ಬಸ್ಸಿಗೆ ಅದೇನು ದೂರವಲ್ಲ, ಟೀವಿಗೆ ದೂರವೇ. ದೂರದರ್ಶನದ ಬೆಂಗಳೂರು ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು. ಆ ದಶಕದಲ್ಲಿ ದೇಶದ ತುಂಬ ಬಂದ ಸಣ್ಣ ಮರುಪ್ರಸಾರ ಕೇಂದ್ರಗಳ ಶಕ್ತಿ 100 ವಾಟ್ ಮಾತ್ರ, ಸುಮಾರು 25 ಕಿಲೋಮೀಟರ್ ದಾಟಿದರೆ ಚಿತ್ರ ಸೊರಗುತ್ತಿತ್ತು. 10 ಕಿಲೋವಾಟಿನ ದೊಡ್ಡ ಕೇಂದ್ರಗಳಿದ್ದ ಕಡೆ ಮಾತು ಬೇರೆ. ನಾವಿದ್ದದ್ದು ಅಂಚಿನಲ್ಲಿ.

ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಶುರುವಾದ ಮೇಲೆ ಹೊಗೆಸೊಪ್ಪಿನ ದುಡ್ಡು ಒಟ್ಟಿಗೆ ಕೈಗೆ ಬರತೊಡಗಿತು. 1987ರ ಜನವರಿ 25ರಿಂದ ಭಾನುವಾರ ಬೆಳಗ್ಗೆ 'ರಾಮಾಯಣ' ಬರತೊಡಗಿತು. ಸೊಪ್ಪು ಮಾರಿದವರು ಟೀವಿ ತಂದರು. ನಮ್ಮ ಚಿಕ್ಕಪ್ಪನೂ ತಂದರು.

ಆಂಟೆನಾಗೆಂದು ಹುಣಸೂರಿನ ರೇಡಿಯೊ ರಿಪೇರಿ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವರು ಮೊದಲು ಕೇಳಿದ್ದು, "ಗೌಡ್ರೇ, ಮನೆ ದಿಣ್ಣೇಲೋ, ಹೊಳೆ ಕಡೆ ತಗ್ಗಲ್ಲೋ?"

"ತಗ್ಗಲ್ಲೇ ಕಣಣ್ಣ. ಮೂಡ್ಲಗಡೆ ತೆಂಗಿನ ತೋಟ ಬೇರೆ."

"ಹಂಗಾರೆ ಬೂಸ್ಟರ್ ಈಗ್ಲೇ ಬ್ಯಾಡಿ. ಆ ದುಡ್ಡಿಗೆ ಇನ್ನೊಂದು ಪೈಪ್ ತಗಳಿ."

ಈ ಮಾತಿನ ಬೆಲೆ ನನಗೆ ಗೊತ್ತಾದದ್ದು ತಡವಾಗಿ. ನಮ್ಮದು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದ ಸೀಮೆ, ಜನಕ್ಕೆ ರೇಡಿಯೊದ ರೂಢಿ. ಮೀಡಿಯಂ ವೇವ್ ಅಲೆ ನೆಲ ಹಿಡಿದು ಬರುತ್ತದೆ, ಅಡುಗೆಮನೆಯ ಮೂಲೆಯಲ್ಲಿಟ್ಟರೂ ಪೆಟ್ಟಿಗೆ ಹಾಡುತ್ತದೆ. ಟೀವಿಯ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಭೂಮಿಯ ಗುಂಡಗಿನ ಮೈಯೇ ಅದಕ್ಕೆ ಅಡ್ಡ. ಕಳಿಸುವ ಆಂಟೆನಾ 100 ಮೀಟರ್ ಎತ್ತರದಲ್ಲಿದ್ದರೆ ಅದರ ನೋಟ ಸುಮಾರು 41 ಕಿಲೋಮೀಟರ್. ನಮ್ಮ ಕಡೆ ಆಂಟೆನಾ ಏರಿಸುವ ಗಳ 5 ಮೀಟರ್ ಎತ್ತರವಿದ್ದರೆ ಅದಕ್ಕೆ 9 ಕಿಲೋಮೀಟರ್ ಸೇರಿಸುತ್ತದೆ, 10 ಮೀಟರ್ ಎತ್ತರವಿದ್ದರೆ 13. ಆ ನಾಲ್ಕು ಕಿಲೋಮೀಟರಿನಲ್ಲೇ ಎಷ್ಟೋ ಮನೆಗಳ ಹಣೆಬರಹ ಇತ್ತು.

ಜನ ಮಾತ್ರ ಕಡ್ಡಿ ಎಣಿಸಿ ಕೊಳ್ಳುತ್ತಿದ್ದರು. ಅವನದ್ದು ಐದು, ನಮ್ಮದು ಹನ್ನೊಂದು ಅಂತ. 1926ರಲ್ಲಿ ಜಪಾನಿನ ಯಾಗಿ ಮತ್ತು ಉಡ ಎಂಬ ಇಬ್ಬರು ಕಂಡುಹಿಡಿದ ಆಂಟೆನಾ ಅದು. ಹಿಂದೆ ಉದ್ದನೆಯ ಒಂದು ಕಡ್ಡಿ, ಮುಂದೆ ಗಿಡ್ಡವಾಗುತ್ತ ಹೋಗುವ ಕಡ್ಡಿಗಳು, ನಡುವೆ ವೈರು ಕಟ್ಟುವ ಬಗ್ಗಿಸಿದ ಕೊಳವೆ. ಕಡ್ಡಿಯ ಉದ್ದ ಚಾನೆಲ್ಲಿಗೆ ಹೊಂದಬೇಕು: 2ರಿಂದ 4ನೇ ಚಾನೆಲ್ಲಿಗೆ ಎರಡು ಮೀಟರಿಗೂ ಉದ್ದ, 5ರಿಂದ 12ಕ್ಕೆ ಒಂದು ಮೀಟರಿಗಿಂತ ಕಡಿಮೆ. ಹೊಂದದಿದ್ದರೆ ಎಷ್ಟು ಕಡ್ಡಿ ಇದ್ದರೂ ದಂಡ. ಹೊಂದಿದ ಮೇಲೂ, ನಮ್ಮಂಥ ಅಂಚಿನ ಊರಲ್ಲಿ ಕಡ್ಡಿ ಎರಡರಷ್ಟು ಮಾಡುವುದಕ್ಕಿಂತ ಗಳ ಎರಡರಷ್ಟು ಎತ್ತರಿಸುವುದರಲ್ಲೇ ಲಾಭ ಹೆಚ್ಚು.

ಬೂಸ್ಟರ್ ಬೇಕಾದರೆ ಅದರ ಜಾಗ ಗಳದ ತುದಿ, ಆಂಟೆನಾದ ಬುಡ. ಅನೇಕರು ಅದನ್ನು ಟೀವಿ ಪಕ್ಕ ಇಟ್ಟು, ವೈರಿನಲ್ಲಿ ಅರ್ಧ ಸೋರಿಹೋದ ಸಿಗ್ನಲ್ಲನ್ನು ಚುಕ್ಕಿಗಳ ಸಮೇತ ದೊಡ್ಡದು ಮಾಡಿಕೊಳ್ಳುತ್ತಿದ್ದರು. ಚಪ್ಪಟೆ ವೈರಿನದ್ದು ಇನ್ನೊಂದು ಪಾಡು. ಅದನ್ನು ಕಬ್ಬಿಣದ ಪೈಪಿಗೆ ಅಂಟಿಸಿ ಇಳಿಸಬಾರದು, ನೆನೆದರೆ ಸಿಗ್ನಲ್ ಕುಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಚಿಕ್ಕಪ್ಪ ಗಳ ಇಳಿಸಿ, ತುಕ್ಕು ಹಿಡಿದ ಚಿಟ್ಟೆ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಬಿಚ್ಚುತ್ತಿದ್ದರು. ಒಳಗಿನ ತಾಮ್ರದ ಎಳೆಗಳಿಗೆ ಹಸಿರು ಕಿಲುಬು. ಬ್ಲೇಡಿನಲ್ಲಿ ಕೆರೆದು, ಎಳೆ ಹೊಸೆದು, ಮತ್ತೆ ಬಿಗಿದರೆ ಮಂಕಾಗಿದ್ದ ಚಿತ್ರ ತಿಳಿಯಾಗುತ್ತಿತ್ತು. ಖರ್ಚಿಲ್ಲದ ಈ ಕೆಲಸ ಎಷ್ಟೋ ಬೂಸ್ಟರ್‌ಗಳಿಗಿಂತ ಮೇಲು.

ಊರೆಲ್ಲ ಒಟ್ಟಿಗೆ ಕೂತು 'ರಾಮಾಯಣ' ನೋಡುತ್ತಿತ್ತು ಎಂದು ಬರೆಯುವವರಿದ್ದಾರೆ. ನಡುಮನೆಯಲ್ಲಿ ಕೂರುತ್ತಿದ್ದವರು ಯಾರು, ಜಗಲಿಯಲ್ಲಿ ನಿಲ್ಲುತ್ತಿದ್ದವರು ಯಾರು, ಕಿಟಕಿಯ ಸರಳು ಹಿಡಿದು ಹೊರಗೇ ಇದ್ದ ಹುಡುಗರು ಯಾವ ಕೇರಿಯವರು ಎಂಬುದು ನನಗೆ ಮರೆತಿಲ್ಲ. ಈಗ ಅವರ ಮನೆಗಳಲ್ಲೂ ಟೀವಿ ಇದೆ. ಒಳ್ಳೆಯದೇ ಆಯಿತು.

ದೂರದರ್ಶನದ ಉಚಿತ ಡಿಶ್ ಸೇವೆ ಶುರುವಾದದ್ದು 2004ರ ಡಿಸೆಂಬರಿನಲ್ಲಿ, ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ. ಈಗದು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತದೆ. ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸಿ ಸುಮಾರು 65 ಡಿಗ್ರಿ ಮೇಲಕ್ಕೆತ್ತಿದರೆ ಸಾಕು, ದಿಣ್ಣೆಯ ಮನೆಗೂ ತಗ್ಗಿನ ಮನೆಗೂ ಒಂದೇ ಚಿತ್ರ. ಗಳವೂ ಬೇಡ, ಪೈಪೂ ಬೇಡ. ಜೋರು ಮಳೆ ಹಿಡಿದರೆ ಮಾತ್ರ ಚಿತ್ರ ನಿಂತೇಹೋಗುತ್ತದೆ. ಕಡ್ಡಿ ಆಂಟೆನಾದಲ್ಲಿ ಹಾಗಾಗುತ್ತಿರಲಿಲ್ಲ, ಸಿಗ್ನಲ್ ಸೊರಗಿದರೂ ಚುಕ್ಕಿಗಳ ನಡುವೆ ರಾಮನೋ ರಾವಣನೋ ಅಂತೂ ತಿಳಿಯುತ್ತಿತ್ತು.

2022ರ ಮಾರ್ಚ್ ಹೊತ್ತಿಗೆ, ಆಯ್ದ ಕೆಲವು ಕಡೆ ಬಿಟ್ಟು, ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಲು ಪ್ರಸಾರ ಭಾರತಿ ತೀರ್ಮಾನಿಸಿತು. ಹಿಡಿಯಲು ಸಿಗ್ನಲ್ಲೇ ಇಲ್ಲದ ಮೇಲೆ ಆಂಟೆನಾ ಆರಿಸುವ ಮಾತೂ ಇಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಡಿಜಿಟಲ್ ಭೂಪ್ರಸಾರ ಶುರುವಾಗಿತ್ತು. ಅಂಥದ್ದು ಎಂದಾದರೂ ಮೈಸೂರಿನ ಕಡೆ ಬಂದರೆ ಎತ್ತರದ ಲೆಕ್ಕ ಮತ್ತೆ ಹಾಕಬೇಕಾಗುತ್ತದೆ. ಆದರೆ ಆ ಅಲೆಗಳಿಗೆ ಒಂದಡಿಯ ಆಸುಪಾಸಿನ ಕಡ್ಡಿಗಳು ಬೇಕು. ಅಟ್ಟದಲ್ಲಿರುವ ಹಳೆಯ ಆಂಟೆನಾವನ್ನು ಅದಕ್ಕೆಂದು ಕಾಪಾಡಿಕೊಳ್ಳಬೇಕಿಲ್ಲ, ಅಲ್ಯೂಮಿನಿಯಂ ಬೆಲೆಗೆ ಗುಜರಿಗೆ ಹಾಕಬಹುದು. ಪೈಪ್ ಮಾತ್ರ ಇರಲಿ.