ಎತ್ತಿ ಸುರಿದದ್ದು, ಕಚ್ಚಿ ಕುಡಿದದ್ದು

ನಮ್ಮ ಸಾಗರದ ಮನೆಯಲ್ಲಿ ಯಾರಾದರೂ ಲೋಟ ಕಚ್ಚಿ ಕುಡಿದರೆ ಅಜ್ಜಿ ಅದನ್ನು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ತುಟಿ ತಾಗಿಸದೆ, ಗೇಣು ಎತ್ತರದಿಂದ ನೀರನ್ನು ಗಂಟಲಿಗಿಳಿಸುವ ವಿದ್ಯೆ ನನಗೆ ಅಕ್ಷರಕ್ಕಿಂತ ಮೊದಲೇ ಬಂದಿತ್ತು. ಅದು ಮೊದಲ ಸಲ ಕೈಕೊಟ್ಟದ್ದು ಉತ್ತರ ಸ್ಪೇನಿನ ಅಸ್ತೂರಿಯಾಸ್‌ನಲ್ಲಿ, ಓವಿಯೆದೊ ಪಟ್ಟಣದ ಗಾಸ್ಕೋನಾ ಬೀದಿಯಲ್ಲಿ.

ಬೀದಿಯುದ್ದಕ್ಕೂ ಸಿದ್ರಾ ಅಂಗಡಿಗಳು. ಸಿದ್ರಾ ಅಂದರೆ ಸೇಬಿನ ರಸ ಹುಳಿತು ಆಗುವ ಮದ್ಯ, ಇಂಗ್ಲಿಷರ ಸೈಡರ್. ಜುಲೈ ಸಂಜೆ, ನೆಲದಿಂದಲೇ ಹುಳಿವಾಸನೆ ಏಳುತ್ತಿತ್ತು. ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ಜತೆಗಿದ್ದ. ಮಾಣಿ ಬಂದ. ಹಸಿರು ಬಾಟಲಿಯನ್ನು ತಲೆಯ ಮೇಲೆ ತೋಳು ಎಟಕುವಷ್ಟು ಎತ್ತಿ, ಇನ್ನೊಂದು ಕೈಯಲ್ಲಿ ಅಗಲಬಾಯಿಯ ತೆಳ್ಳನೆ ಗಾಜಿನ ಲೋಟವನ್ನು ಕೆಳಗೆ ಓರೆಯಾಗಿ ಹಿಡಿದು, ಎರಡನ್ನೂ ನೋಡದೆ ಎದುರಿನ ಗೋಡೆ ನೋಡುತ್ತ ಸುರಿದ. ನೂಲಿನಂಥ ಧಾರೆ ಲೋಟದ ಅಂಚಿಗೆ ಬಡಿದು ನೊರೆಯೆದ್ದಿತು. ಎರಡು ಬೆರಳಷ್ಟು ಬಿದ್ದದ್ದೇ ನಿಲ್ಲಿಸಿ ನನ್ನ ಕೈಗಿಟ್ಟ. ಈ ಅಳತೆಗೆ ಕುಲಿನ್ ಎನ್ನುತ್ತಾರೆ.

"ಅಣ್ಣಾ, ಹಿಡ್ಕೊಂಡು ಕೂರ್ಬೇಡ. ನೊರೆ ಇಳಿಯೋದ್ರೊಳಗೆ ಒಂದೇ ಗುಟುಕಿಗೆ ಕುಡಿ. ತಳದಲ್ಲಿ ಚೂರು ಬಿಡು."

ಮೇಜಿಗೆಲ್ಲ ಒಂದೇ ಲೋಟ ಎಂಬುದು ಆಗ ಕಣ್ಣಿಗೆ ಬಿತ್ತು. ಅಭ್ಯಾಸಬಲದಿಂದ ಎತ್ತಿ ಕುಡಿಯಲು ಹೋದೆ. ಅರ್ಧ ಮೂಗಿಗೆ, ಅರ್ಧ ಅಂಗಿಗೆ. ಪಕ್ಕದ ಮೇಜಿನವರು ಚಪ್ಪಾಳೆಯನ್ನೇ ತಟ್ಟಿದರು.

ತಮ್ಮ ಎರಡನೆಯ ಕುಲಿನ್ ಕುಡಿದು ತೋರಿಸಿದ. ತಳದಲ್ಲಿ ಉಳಿದ ಗುಟುಕನ್ನು, ತಾನು ತುಟಿಯಿಟ್ಟ ಅಂಚಿನ ಮೇಲಿಂದಲೇ ಹಾಯಿಸಿ ನೆಲಕ್ಕೆ ಚೆಲ್ಲಿದ. ಎಂಜಲು ತೊಳೆಯಿತು, ಮುಂದಿನವರಿಗೆ ಲೋಟ ಸಿದ್ಧ. ಇದೂ ಒಂದು ಮಡಿಯೇ! ಅಜ್ಜಿ ಇದನ್ನು ಒಪ್ಪುತ್ತಿದ್ದಳೆ? ಇಲ್ಲ. ಆದರೆ ಎಂಜಲೆಂಬುದು ಇವರಿಗೂ ಗೊತ್ತಿದೆ ಎಂದು ಕೇಳಿ ಅವಳಿಗೆ ತುಸು ಸಮಾಧಾನವಾದರೂ ಆಗುತ್ತಿತ್ತು.

ಅಷ್ಟೆತ್ತರದಿಂದ ಸುರಿಯುವುದು ಬರೀ ಆಟವಲ್ಲ. ಇಲ್ಲಿನ ಸಾದಾ ಸಿದ್ರಾಕ್ಕೆ ಸೋಡಾದಂತೆ ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ಹುಳಿಯುವಾಗ ಹುಟ್ಟಿದ ಒಂದಿಷ್ಟು ಅನಿಲ ಅದರಲ್ಲೇ ಕರಗಿ ನಿದ್ದೆ ಮಾಡುತ್ತಿರುತ್ತದೆ. ಗಾಜಿಗೆ ಬಡಿದ ಪೆಟ್ಟಿಗೆ ಅದು ಏಳುತ್ತದೆ, ಜತೆಗೆ ಸೇಬಿನ ಘಮವೂ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಸುಮ್ಮನೆ ಲೋಟಕ್ಕೆ ಬಗ್ಗಿಸಿಕೊಂಡೂ ಕುಡಿದು ನೋಡಿದೆ. ಸಪ್ಪೆ, ಚಪ್ಪಟೆ, ಬರೀ ಹುಳಿ.

ಮರುದಿನ ಮೀಟರ್‌ಗೇಜಿನ ಪುಟ್ಟ ರೈಲು ಹತ್ತಿ ನಾವಾ ಎಂಬ ಊರಿಗೆ ಹೋದೆವು. ಅಲ್ಲಿ ಸಿದ್ರಾದ ವಸ್ತುಸಂಗ್ರಹಾಲಯವಿದೆ. ಜುಲೈ ತಿಂಗಳಲ್ಲಿ ಸಿದ್ರಾ ಹಬ್ಬವೂ ನಡೆಯುತ್ತದೆ. ಅಸ್ತೂರಿಯಾಸ್‌ನ ಸಿದ್ರಾ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬೀದಿಯಲ್ಲಿ ಲೋಟ ಹಿಡಿದು ನಿಂತವರಿಗೆ ಅದರಿಂದ ಏನೂ ವ್ಯತ್ಯಾಸವಾದಂತೆ ಕಾಣಲಿಲ್ಲ.

ನಾನು ನೋಡಬೇಕೆಂದಿದ್ದು ಯಗಾರ್. ಸೇಬು ಅರೆದು, ಹಿಂಡಿ, ಹುಳಿಸುವ ಮನೆ. ಒಳಗೆ ಕಾಲಿಟ್ಟಾಗ ನೆನಪಾದದ್ದು ನಮ್ಮ ಆಲೆಮನೆ: ಅದೇ ಕತ್ತಲು, ಅದೇ ನೊಣ, ಅದೇ ಸಿಹಿ ಅಂಟು. ನಮ್ಮಲ್ಲಿ ಬೆಂಕಿ, ಇಲ್ಲಿ ತಂಪು, ಅಷ್ಟೇ. ಸುಗ್ಗಿ ಸೆಪ್ಟೆಂಬರ್‌ನಿಂದ ಆಮೇಲೆ, ಗಾಣ ಸುಮ್ಮನಿತ್ತು. ಎರಡಾಳೆತ್ತರದ ಚೆಸ್ಟ್‌ನಟ್ ಮರದ ಪೀಪಾಯಿಗಳ ಸಾಲು. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಹುಳಿ, ಸಿಹಿ, ಒಗರು ಹದವಾಗಿ ಬೆರೆಯಲಿ ಎಂದು ರೆಗೋನಾ, ರಶಾವ್, ವೆರ್ದಿಯಾಲೋನಾ ಅಂತ ಹಲವು ಜಾತಿಯ ಸೇಬು ಕೂಡಿಸುತ್ತಾರಂತೆ. ಅರೆದ ತಿರುಳನ್ನು ಒಮ್ಮೆಗೇ ಹಿಂಡುವುದಿಲ್ಲ. ಒತ್ತಿ, ಬಿಚ್ಚಿ, ಕಡಿದು ತಿರುವಿ, ಮತ್ತೆ ಒತ್ತಿ, ಹೀಗೆ ಎರಡು ಮೂರು ದಿನ. ಸಕ್ಕರೆ ಹಾಕುವುದಿಲ್ಲ. ಹಣ್ಣಿನಲ್ಲೂ ಮನೆಯಲ್ಲೂ ಇರುವ ಯೀಸ್ಟೇ ಹುಳಿಸುತ್ತದೆ. ವಸಂತದಲ್ಲಿ ಸೋಸದೆ ಬಾಟಲಿಗೆ. ಮದ್ಯಾಂಶ ಶೇ. 6ರ ಆಸುಪಾಸು. ಮರಗಳೂ ನಮ್ಮ ಮಾವಿನಂತೆಯೇ: ಒಂದು ವರ್ಷ ಕೊಂಬೆ ಮುರಿಯುವಷ್ಟು, ಮರುವರ್ಷ ಬೋಳು.

ಅಲ್ಲೇ ಉದ್ದ ಬೆಂಚಿನಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ದಂಪತಿ ಸಿಕ್ಕರು. ಅವರದು ಪೆರಿ ಎಂಬ ಮದ್ಯ. ಪೇರಳೆಯದಲ್ಲ, ನಮ್ಮ ಮಾರುಕಟ್ಟೆಯಲ್ಲಿ ಮರಸೇಬು ಅನ್ನುತ್ತಾರಲ್ಲ, ಆ ಹಣ್ಣಿನ ಕಾಡು ತಮ್ಮನದು. ಹಸಿಯಾಗಿ ಕಚ್ಚಿದರೆ ಎಳೆ ಅಡಿಕೆಗಿಂತ ಒಗರಂತೆ. ಅರೆದ ತಿರುಳನ್ನು ಒಂದು ರಾತ್ರಿ ಸುಮ್ಮನೆ ಬಿಟ್ಟು ಒಗರು ಇಳಿದ ಮೇಲೆ ಹಿಂಡುತ್ತಾರೆ. ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಯನ್ನು ಯೀಸ್ಟ್ ಮುಟ್ಟುವುದಿಲ್ಲ, ಹಾಗಾಗಿ ಪೂರ್ತಿ ಹುಳಿತ ಮೇಲೂ ನಾಲಗೆಗೆ ಚೂರು ಸಿಹಿ ಉಳಿಯುತ್ತದೆ. "ಜಾಸ್ತಿ ಕುಡಿದರೆ ಹೊಟ್ಟೆ ಜಾಡಿಸೋದೂ ಅದೇ," ಎಂದು ಗಂಡ ನಕ್ಕರು. ಅವರ ಕಡೆ ಪಟ್ಲಿ ಎಂಬ ಹಳ್ಳಿಯಲ್ಲಿ ಮೇ ತಿಂಗಳು ಸ್ಪರ್ಧೆ. ತಯಾರಕರೇ ಒಬ್ಬರದನ್ನೊಬ್ಬರು ರುಚಿ ನೋಡಿ ಅಂಕ ಕೊಡುತ್ತಾರೆ. ಬೀಗರೇ ಬೀಗರ ಅಡುಗೆಗೆ ಅಂಕ ಕೊಟ್ಟ ಹಾಗೆ!

ನಾವಾದ ಚೌಕದಲ್ಲಿ ಸ್ಪರ್ಧೆ ಸುರಿಯುವವರಿಗೆ. ತೋಳು ನೇರವಿದೆಯೆ, ಲೋಟ ಅಲುಗಿತೆ, ಎಷ್ಟು ಚೆಲ್ಲಿತು, ಒಂದು ಕುಲಿನ್‌ಗೂ ಇನ್ನೊಂದಕ್ಕೂ ಅಳತೆ ಸಮವೆ: ತೀರ್ಪುಗಾರರ ಕಣ್ಣು ಇವುಗಳ ಮೇಲೆ. ಇಪ್ಪತ್ತರ ಹುಡುಗಿಯೊಬ್ಬಳು ಬಂದು, ನೆಲಕ್ಕೆ ಹನಿಯೂ ಬೀಳದಂತೆ ಸುರಿದಳು. ಅಷ್ಟು ಜನರ ಗದ್ದಲ ಒಂದು ಕ್ಷಣ ನಿಂತಿತು. ಗೆದ್ದವರು ಬೇರೆ ಯಾರೋ. ನನ್ನ ಲೆಕ್ಕದಲ್ಲಿ ಅವಳೇ.

ಸಂಜೆ ಯಗಾರ್‌ನ ಯಜಮಾನರು ಚೌಕದಲ್ಲೇ ಸಿಕ್ಕಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ತೋಳೆತ್ತಿದೆ, ಗೋಡೆ ನೋಡಿದೆ, ಬಗ್ಗಿಸಿದೆ. ಲೋಟಕ್ಕೆ ನಾಲ್ಕು ಹನಿ. ಉಳಿದದ್ದೆಲ್ಲ ನನ್ನ ಬಲಗಾಲಿನ ಬೂಟಿಗೆ. ಮುದುಕರು ಏನೋ ಅಂದರು. ತಮ್ಮ ಕನ್ನಡಕ್ಕೆ ತಂದ: "ಬೂಟಿಗೂ ಬಾಯಾರಿಕೆ ಆಗಿತ್ತು ಬಿಡು, ಅಂತಾರೆ."

ಆ ನಾಲ್ಕು ಹನಿಯನ್ನೇ ಅವರು ಕುಡಿದು, ಇದ್ದದ್ದರಲ್ಲೇ ಒಂದು ಚೂರನ್ನು ಅಂಚಿನಿಂದ ಚೆಲ್ಲಿ, ತಾವೇ ಇನ್ನೊಂದು ಸುರಿದು ಲೋಟ ನನ್ನತ್ತ ಚಾಚಿದರು. ಕಚ್ಚಿಯೇ ಕುಡಿದೆ.

ವಾಪಸು ರೈಲಿನಲ್ಲಿ ಎದುರು ಕೂತ ಅಜ್ಜಿಯೊಬ್ಬರು ಮೂಗರಳಿಸಿ, ನನ್ನ ಬೂಟು ನೋಡಿ, ಹುಬ್ಬೇರಿಸಿ, "ನಾವಾ?" ಎಂದರು. ತಲೆಯಾಡಿಸಿ ಕಾಲನ್ನು ಸೀಟಿನಡಿಗೆ ಎಳೆದುಕೊಂಡೆ.