ಅದೇ ಹಾಡಿಗೆ ಎರಡು ಸಲ ದುಡ್ಡು

ಒಮ್ಮೆ ಕೊಂಡ ಹಾಡನ್ನು ಮತ್ತೊಮ್ಮೆ ದುಡ್ಡು ಕೊಟ್ಟು ಕೊಳ್ಳುವವನು ಜಾಣನೋ, ಪೆದ್ದನೋ? ಈ ಪ್ರಶ್ನೆಗೆ 1979ರಲ್ಲಿ ನಾನು ಅಧಿಕಾರವಾಣಿಯಿಂದ ಕೊಟ್ಟಿದ್ದ ಉತ್ತರವನ್ನು ಈ ವರ್ಷ ಹಿಂತೆಗೆದುಕೊಳ್ಳಬೇಕಾಯಿತು. ಅದರ ಕಥೆ ಇದು.

ಆಗ ನಾನೂ ನನ್ನ ತಮ್ಮನೂ ಮಾಟುಂಗಾದ ಒಂದು ಕೋಣೆಯಲ್ಲಿ, ಕಾರವಾರದ ಕಡೆಯ ಮತ್ತೊಬ್ಬರೊಡನೆ ವಾಸವಾಗಿದ್ದೆವು. ನಾನು ಬ್ಯಾಂಕಿನ ಗುಮಾಸ್ತ. ಅವನು ಧಾರವಾಡದಿಂದ ಬಂದು ಒಂದು ಕಾರಖಾನೆಯ ಲೆಕ್ಕದ ವಿಭಾಗಕ್ಕೆ ಸೇರಿ ವರ್ಷವಾಗಿತ್ತು. ಇಬ್ಬರ ಸಂಬಳವೂ ನನ್ನ ಟ್ರಂಕಿಗೆ. ಬೀಗದ ಕೈ ನನ್ನ ಜನಿವಾರಕ್ಕೆ. ಊರಿಗೆ ಮನಿಯಾರ್ಡರು, ಖಾನಾವಳಿಯ ಬಾಕಿ, ರೈಲಿನ ಪಾಸು ಇಷ್ಟು ಕಳೆದ ಮೇಲೆ ಉಳಿಯುವುದನ್ನು ಉಳಿತಾಯ ಎನ್ನುವುದಕ್ಕಿಂತ ಚಿಲ್ಲರೆ ಎನ್ನುವುದೇ ಸರಿ.

ಕಾರವಾರದವರ ಬಳಿ ಒಂದು ಸಣ್ಣ ರೆಕಾರ್ಡ್ ಪ್ಲೇಯರ್ ಇತ್ತು. ಅದರ ಮೇಲೆ ಹಾಕಲೆಂದು ತಮ್ಮ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಿಂದ ಒಂದು ಹಳೆಯ ತಟ್ಟೆ ತಂದಿದ್ದ. ಇಂಗ್ಲೆಂಡಿನ ‘ಡೀಪ್ ಪರ್ಪಲ್’ ಎಂಬ ರಾಕ್ ಮೇಳದವರು 1972ರಲ್ಲಿ ಹೊರತಂದ ‘ಮಷೀನ್ ಹೆಡ್’. ಅದರಲ್ಲಿ ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡಿದೆ. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಧ್ವನಿಮುದ್ರಣಕ್ಕೆಂದು ಹೋಗಿದ್ದಾಗ, 1971ರ ಡಿಸೆಂಬರಿನಲ್ಲಿ, ಅಲ್ಲಿಯ ಕಸಿನೋ ಕಟ್ಟಡಕ್ಕೆ ಬೆಂಕಿ ಬಿದ್ದು ಹೊಗೆ ಸರೋವರದ ಮೇಲೆ ಹರಡಿದ್ದನ್ನು ಕಂಡು ಕಟ್ಟಿದ ಹಾಡು ಎಂದು ತಮ್ಮ ವಿವರಿಸುತ್ತಿದ್ದ. ನನಗೆ ಹೊಗೆಯೂ ಕಾಣುತ್ತಿರಲಿಲ್ಲ, ಸರೋವರವೂ ಕಾಣುತ್ತಿರಲಿಲ್ಲ. ತಲೆನೋವು ಮಾತ್ರ ಬರುತ್ತಿತ್ತು.

ಒಂದು ಶನಿವಾರ ಸಂಜೆ ಅವನು ಮೆಲ್ಲಗೆ ಹೇಳಿದ: “ಅಣ್ಣಾ, ‘ಮೇಡ್ ಇನ್ ಜಪಾನ್’ ತಗೋಬೇಕಂತ ಮಾಡೇನಿ.”

ಕಳ್ಳಮಾಲಿನ ಟ್ರಾನ್ಸಿಸ್ಟರೋ, ಕೈಗಡಿಯಾರವೋ ಇರಬೇಕೆಂದುಕೊಂಡೆ. ಅಲ್ಲ; ಅದೂ ಅವರದೇ ತಟ್ಟೆ. ಒಂದಲ್ಲ, ಜೋಡಿ ತಟ್ಟೆ. ಬೆಲೆ ನೂರರ ಹತ್ತಿರ. ಜಪಾನಿನಲ್ಲಿ ಜನರೆದುರು ಹಾಡಿದ್ದನ್ನು ಹಾಗೆಯೇ ಮುದ್ರಿಸಿದ್ದಂತೆ. ಯಾವ ಯಾವ ಹಾಡು ಎಂದು ಕೇಳಿದೆ. ನಾಲ್ಕು ಬದಿಗೆ ಸೇರಿ ಏಳೇ ಹಾಡು. ಅವುಗಳಲ್ಲಿ ನಾಲ್ಕು ನಮ್ಮ ಕೋಣೆಯಲ್ಲಿದ್ದ ತಟ್ಟೆಯವೇ!

“ಮನ್ಯಾಗ ಇದ್ದ ಹಾಡಿಗೆ ಮತ್ತ ರೊಕ್ಕ ಕೊಡ್ತಾರೇನೋ?” ಎಂದೆ.

“ಹಾಡು ಅದs, ಅಣ್ಣಾ. ಆದರ ಇದು ಬ್ಯಾರೆ ಅದ.”

“ಹ್ಯಾಂಗ ಬ್ಯಾರೆ?”

ಅವನಿಗೆ ಹೇಳಲಾಗಲಿಲ್ಲ. ಹೇಳಲಾಗದ್ದನ್ನು ಇಲ್ಲವೆಂದೇ ತಿಳಿಯುವುದು ಲೆಕ್ಕ ಬರೆಯುವವರ ಸ್ವಭಾವ. ಬೇಡವೆಂದೆ. ಅವನು ಎರಡನೆಯ ಮಾತಾಡಲಿಲ್ಲ. ಆದರೆ ಅಲ್ಲಿಂದ ಮುಂದೆ ಕೆಲವು ಶನಿವಾರ ಅವನು ತಡವಾಗಿ ಬರುತ್ತಿದ್ದ. ಕಾಳಾ ಘೋಡಾದ ರಿದಮ್ ಹೌಸಿನಲ್ಲಿ ತಟ್ಟೆ ಕೇಳಿ ನೋಡಲು ಗೂಡುಗಳಿದ್ದವು. ಅಲ್ಲಿ ನಿಂತು ಕೇಳಿ ಬರುತ್ತಿದ್ದನೆಂದು ಕಾರವಾರದವರು ಆಮೇಲೆ ಹೇಳಿದರು. ಆ ಅಂಗಡಿಯೂ 2016ರಲ್ಲಿ ಮುಚ್ಚಿತು.

ಇಲ್ಲಿಗೆ ಇದು ಮಿತವ್ಯಯಿಯಾದ ಅಣ್ಣನ ಕಥೆಯಾಯಿತು. ಆದರೆ ಇನ್ನೊಂದು ಪುಟವನ್ನು ತೆರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಅದೇ ಡಿಸೆಂಬರಿನಲ್ಲಿ ನಾನು ರಜೆ ಹಾಕಿ, ಟ್ರಂಕಿನಿಂದ ದುಡ್ಡು ತೆಗೆದು, ಪುಣೆಯ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗಿ ಬಂದೆ. ಭೀಮಸೇನ ಜೋಶಿಯವರ ತಟ್ಟೆಗಳು ನಮ್ಮ ಸೋದರಮಾವನ ಮನೆಯಲ್ಲಿದ್ದವು. ಅವುಗಳ ಒಂದೊಂದು ತಾನೂ ನನಗೆ ಬಾಯಿಪಾಠ. ಹಾಗಿದ್ದೂ ಚಳಿಯಲ್ಲಿ ಶಾಲು ಹೊದ್ದು ರಾತ್ರಿಯೆಲ್ಲ ಕೂತೆನಲ್ಲ, ಯಾಕೆ? ಧಾರವಾಡದಲ್ಲಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಳೆಯ 78ರ ತಟ್ಟೆಯ ಒಂದು ಬದಿಗೆ ಮೂರು ಮಿನಿಟು ಚಿಲ್ಲರೆ. ಮಲ್ಲಿಕಾರ್ಜುನ ಮನ್ಸೂರರಂಥವರೂ ಆ ಮೂರು ಮಿನಿಟಿನಲ್ಲಿ ರಾಗದ ಗುರುತು ತೋರಿಸಿ ಏಳಬೇಕು. ಬೈಠಕ್ಕಿನಲ್ಲಾದರೆ ಅದೇ ರಾಗ ಜಾಗ ಮಾಡಿಕೊಂಡು ಕೂಡುತ್ತದೆ, ಕೇಳುಗನ ತಲೆದೂಗನ್ನು ನೋಡಿ ಹಾದಿ ಬದಲಿಸುತ್ತದೆ. ಇದು ನನಗೆ ಗೊತ್ತಿತ್ತು. ನನ್ನ ಸಂಗೀತಕ್ಕೆ ಸಲ್ಲಿಸಿದ ಈ ನ್ಯಾಯವನ್ನು ತಮ್ಮನ ಸಂಗೀತಕ್ಕೆ ಸಲ್ಲಿಸಲಿಲ್ಲ, ಅಷ್ಟೆ. ಆ ತಿಂಗಳು ನನ್ನ ಪುಣೆಯ ಖರ್ಚನ್ನು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಈಗ ತಮ್ಮನಿಗೆ ಎಪ್ಪತ್ತು. ಪುಣೆಯಲ್ಲೇ ನೆಲೆಸಿದ್ದಾನೆ. ಭೀಮರಥ ಶಾಂತಿ ಮಾಡಿಸುವುದೆಂದು ಮಕ್ಕಳು ನಿಶ್ಚಯಿಸಿದರು. ಹಿರಿಯ ಮಗ ಅಪ್ಪನಿಗೊಂದು ರೆಕಾರ್ಡ್ ಪ್ಲೇಯರನ್ನೂ ತಂದಿಟ್ಟ. ಸತ್ತುಹೋಯಿತೆಂದುಕೊಂಡ ತಟ್ಟೆಗಳಿಗೆ ಈಗ ಮತ್ತೆ ಜೀವ ಬಂದಿದೆಯಂತೆ. ಉಡುಗೊರೆ ಏನೆಂದು ನಾನು ಯೋಚಿಸಬೇಕಾಗಲಿಲ್ಲ. ಯೋಚಿಸಿದ್ದು, ಅದು ನಿಜಕ್ಕೂ ಕೊಳ್ಳತಕ್ಕದ್ದೇ ಎಂಬುದನ್ನು. ಪ್ರಾಯಶ್ಚಿತ್ತಕ್ಕೆಂದು ಕೆಟ್ಟ ಸಾಮಾನು ಕೊಡಬಾರದು.

“ಮೊಬೈಲಿನಾಗ ಪುಕ್ಕಟೆ ಸಿಗ್ತದ, ಅಪ್ಪಾ” ಎಂದಳು ಮಗಳು. ಗುಮಾಸ್ತನ ಮಗಳು!

ಹಳೆಯ ತಟ್ಟೆ ಮಾರುವ ಒಂದು ಅಂಗಡಿಯನ್ನು ಹುಡುಕಿ ಹೋದೆ. ಅಂಗಡಿಯ ಹುಡುಗ ಕುರ್ಚಿ ಕೊಟ್ಟು, ಕೇಳಿ ನೋಡಿ ಎಂದ. ಆಲ್ಬಮಿನ ಪೂರ್ವೋತ್ತರವನ್ನೂ ಅವನೇ ಹೇಳಿದ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಮೂರು ಕಚೇರಿ, ಅವುಗಳಿಂದ ಆಯ್ದದ್ದು. ನಾವಿಲ್ಲಿ ಸ್ವಾತಂತ್ರ್ಯದ ರಜತೋತ್ಸವ ಆಚರಿಸುತ್ತಿದ್ದಾಗ ಅವರಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ಜಪಾನಿನವರು ಕೇಳಿದರೆಂದು ಆ ದೇಶಕ್ಕೆ ಮಾತ್ರ ಎಂದು ಮುದ್ರಿಸಿದ್ದು, ಕೊನೆಗೆ ಎಲ್ಲ ದೇಶಗಳಿಗೂ ಹೋಯಿತು. ಧ್ವನಿಮುದ್ರಣ ಮಾರ್ಟಿನ್ ಬರ್ಚ್ ಅವರದು. ಮೂರೂ ರಾತ್ರಿ ಬೇಕೆನ್ನುವವರಿಗೆ 1993ರಲ್ಲಿ ಮೂರು ಸಿ.ಡಿ.ಯ ಕಟ್ಟು ಬಂತು. 2014ರಲ್ಲಿ ಅದಕ್ಕಿಂತ ದೊಡ್ಡ ಪೆಟ್ಟಿಗೆಯೇ ಬಂತು.

ನಾನು ಮನಸ್ಸಿನಲ್ಲಿ ಮೂರು ಪರೀಕ್ಷೆ ಇಟ್ಟುಕೊಂಡು ಕೂತೆ. ಮೊದಲನೆಯದು, ಹಾಡು ಬೆಳೆದಿದೆಯೇ, ಇಲ್ಲವೇ ಅದೇ ಹಾಡಿಗೆ ಚಪ್ಪಾಳೆ ಅಂಟಿಸಿದ್ದಾರೆಯೇ? ಎರಡನೆಯದು, ವಾದ್ಯಗಾರರು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆಯೇ? ಮೂರನೆಯದು, ಆಮೇಲೆ ಕೋಣೆಯಲ್ಲಿ ಕೂತು ತಪ್ಪನ್ನೆಲ್ಲ ಒರೆಸಿ, ತೇಪೆ ಹಾಕಿ ಇಟ್ಟಿದ್ದಾರೆಯೇ? ಇಂಥ ಆಲ್ಬಮುಗಳಲ್ಲಿ ಅದು ಅಪರೂಪವಲ್ಲವಂತೆ.

‘ಚೈಲ್ಡ್ ಇನ್ ಟೈಮ್’ ಎಂಬುದು ಜಾನ್ ಲಾರ್ಡ್ ಅವರ ಆರ್ಗನ್ನಿನಿಂದ, ದೇವರಮನೆಯಲ್ಲಿ ದೀಪ ಹಚ್ಚಿದಷ್ಟು ಮೆತ್ತಗೆ ಆರಂಭವಾಗುತ್ತದೆ. ಇಯಾನ್ ಗಿಲನ್ನರ ಕಂಠ ಮೆಟ್ಟಿಲು ಮೆಟ್ಟಿಲಾಗಿ ಏರಿ, ಇನ್ನು ಮೇಲೆ ಜಾಗವಿಲ್ಲ ಎನ್ನುವಲ್ಲಿಂದಲೂ ಮೇಲೇರುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ಎಸೆಯುತ್ತಾರೆ, ಗಿಲನ್ ಅದನ್ನು ಗಂಟಲಿನಲ್ಲಿ ಹಿಡಿಯುತ್ತಾರೆ. ಮತ್ತೊಂದು, ಮತ್ತೂ ಕಠಿಣವಾದದ್ದು. ನಾನು ಕುರ್ಚಿಯಲ್ಲಿ ಸರಿದು ಕೂತೆ. ಇದು ನಮ್ಮ ಸವಾಲ್-ಜವಾಬೇ ಅಲ್ಲವೇ? ‘ದ ಮ್ಯೂಲ್’ನಲ್ಲಿ ಇಯಾನ್ ಪೇಸ್ ಒಬ್ಬರೇ ಡ್ರಮ್ ಮೇಲೆ, ನಮ್ಮ ತನಿಯಾವರ್ತನದಂತೆ ಉಳಿದವರೆಲ್ಲ ಸುಮ್ಮನೆ. ನಡುವೆ ವೇದಿಕೆಯ ಮೇಲಿಂದ ಎಲ್ಲವನ್ನೂ ಎಲ್ಲಕ್ಕಿಂತ ಜೋರು ಮಾಡಿರೆಂದು ತಮಾಷೆಯಾಗಿ ಕೇಳಿಕೊಳ್ಳುತ್ತಾರೆ. ಅಂಥ ಮಾತನ್ನೂ ಅಳಿಸದೆ ಬಿಟ್ಟಿದ್ದಾರೆ. ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಮೊದಲ ಗಿಟಾರ್ ಸ್ವರಗಳನ್ನೂ ನಮ್ಮ ಕೋಣೆಯ ತಟ್ಟೆಯಲ್ಲಿದ್ದಂತೆ ಒಪ್ಪಿಸುವುದಿಲ್ಲ, ಆಟವಾಡಿಸುತ್ತಾರೆ.

ಇದು ನನ್ನ ಸಂಗೀತವಾಯಿತೆಂದು ಸುಳ್ಳು ಹೇಳಲಾರೆ. ತಲೆ ಈಗಲೂ ನೋಯುತ್ತದೆ. ಆದರೆ “ಹ್ಯಾಂಗ ಬ್ಯಾರೆ?” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೋಣೆಯಲ್ಲಿದ್ದದ್ದು ಹಾಡು, ಇದು ಹಾಡಿಕೆ. ಮೂರು ಪರೀಕ್ಷೆಯಲ್ಲೂ ಪಾಸಾದ ತಟ್ಟೆಯನ್ನು ಕಟ್ಟಿಸಿಕೊಂಡು ಹೊರಬಿದ್ದೆ. ಬೆಲೆಯನ್ನು ಮಗಳಿಗೆ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅವಳು ಈ ಮಾಸಿಕವನ್ನು ಓದುತ್ತಾಳೆ.

ಪುಣೆಯಲ್ಲಿ ಹೋಮ, ಊಟ ಎಲ್ಲ ಮುಗಿದು ನೆಂಟರು ಅಡ್ಡಾದ ಮೇಲೆ, ಪೊಟ್ಟಣ ಕೊಟ್ಟೆ. ಅವನು ಬಿಚ್ಚಿ ನೋಡಿ ಬಹಳ ಹೊತ್ತು ಏನೂ ಅನ್ನಲಿಲ್ಲ. ಮೊದಲನೆಯ ತಟ್ಟೆಯನ್ನು ನಾನು ಎತ್ತಿಕೊಂಡರೆ, ತಡೆದ.

“ಎರಡನೇದು ಹಚ್ಚು, ಅಣ್ಣಾ. ಕಡೀ ಬಾಜೂ. ಅಂಗಡ್ಯಾಗ ತಗೊಳ್ಳದವರು ಎಷ್ಟೊತ್ತಂತ ನಿಲ್ಲೋದು? ನಾಚಿಕಿ ಬರ್ತಿತ್ತು. ಅಲ್ಲೀತನಕ ನಾ ಮುಟ್ಟಿದ್ದೇ ಇಲ್ಲ.”

ಕೊನೆಯ ಬದಿಯ ತುಂಬ ಒಂದೇ ಹಾಡು, ‘ಸ್ಪೇಸ್ ಟ್ರಕಿಂಗ್’. ನಮ್ಮ ಹಳೆಯ ತಟ್ಟೆಯಲ್ಲಿ ನಾಲ್ಕೂವರೆ ಮಿನಿಟಿಗೆ ಮುಗಿಯುತ್ತಿದ್ದದ್ದು ಇಲ್ಲಿ ಇಪ್ಪತ್ತು ಮಿನಿಟಿನ ಹತ್ತಿರ. ಇಬ್ಬರೂ ಮಾತಿಲ್ಲದೆ ಕೇಳಿದೆವು. ಕ್ಯಾಸೆಟ್, ಸಿ.ಡಿ., ಮೊಬೈಲು ಎಲ್ಲ ಬಂದು ಹೋದ ಇಷ್ಟು ವರ್ಷಗಳಲ್ಲಿ ಅವನಿದನ್ನು ಎಲ್ಲಿಯಾದರೂ ಕೇಳಬಹುದಿತ್ತು. ಯಾಕೆ ಕೇಳಲಿಲ್ಲವೆಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

“ಆವಾಗs ತಗೋಬೇಕಿತ್ತು, ಅಲ್ಲ?” ಎಂದೆ.

“ತಗೋಬೇಕಿತ್ತು” ಎಂದ, ಯಾವ ಉಪಚಾರವೂ ಇಲ್ಲದೆ. ಸ್ವಲ್ಪ ತಡೆದು, “ಆವಾಗ ತಗೊಂಡಿದ್ದರ ನೀ ಮಾತ್ರ ಹಿಂಗ ಕೂತು ಕೇಳ್ತಿದ್ದಿಲ್ಲ” ಎಂದ.

ಹಾಡು ಮುಗಿದು, ಸೂಜಿ ಒಳಗಿನ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ಎದ್ದು ಎತ್ತಿಡಬೇಕು. ಇಬ್ಬರಿಗೂ ಮೊಣಕಾಲು ನೋವು. ಯಾರು ಮೊದಲು ಏಳುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.