ಫಾರ್ಮಿಂಗ್ಟನ್ ದಂಡೆಯ ಗೃಹಿಣಿ

ಅಮೆರಿಕಾದ ಈಶಾನ್ಯದಲ್ಲಿರುವ ಕನೆಕ್ಟಿಕಟ್ ಸಂಸ್ಥಾನವು ವಿಸ್ತಾರದಲ್ಲಿ ಚಿಕ್ಕದು. ಅದರ ರಾಜಧಾನಿಯಾದ ಹಾರ್ಟ್‌ಫರ್ಡ್ ನಗರದಿಂದ ಪಶ್ಚಿಮಕ್ಕೆ ಹೊರಟು ಟಾಲ್ಕಟ್ ಬೆಟ್ಟದ ಸಾಲನ್ನು ದಾಟಿದರೆ ಫಾರ್ಮಿಂಗ್ಟನ್ ನದಿಯ ಕಣಿವೆಯೂ ಅದರಲ್ಲಿ ಸಿಮ್ಸ್‌ಬರಿ ಎಂಬ ಊರೂ ದೊರೆಯುವುವು. ನದಿಯು ಅಲ್ಲಿಂದ ಬೆಟ್ಟವನ್ನು ಸೀಳಿಕೊಂಡು ಹರಿದು, ವಿಂಡ್ಸರ್ ಎಂಬ ಊರಿನ ಬಳಿ ಕನೆಕ್ಟಿಕಟ್ ಮಹಾನದಿಯನ್ನು ಸೇರುವುದು. ಯೂನಿಸ್ ಪಿನ್ನಿ ಎಂಬ ಗೃಹಿಣಿಗೆ ಸಿಮ್ಸ್‌ಬರಿ ತೌರೂರು, ವಿಂಡ್ಸರ್ ಗಂಡನ ಊರು.

1770ರಲ್ಲಿ ಜನಿಸಿದ ಈಕೆಯು 1797ರಲ್ಲಿ ಬಟ್ಲರ್ ಪಿನ್ನಿಯನ್ನು ಎರಡನೆಯ ಮದುವೆಯಾದಳು. ಆ ಸೀಮೆಯ ಅನುಕೂಲಸ್ಥರ ಹೆಣ್ಣುಮಕ್ಕಳು ಆಗ ಶಾಲೆಯಲ್ಲಿ ಕಸೂತಿಯೊಡನೆ ನೀರುಬಣ್ಣದ ಚಿತ್ರವನ್ನೂ ಕಲಿಯುತ್ತಿದ್ದರು. ಈಕೆಯ ಚಿತ್ರಗಳಾದರೋ, ನಮಗೆ ದೊರೆತಿರುವ ಮಟ್ಟಿಗೆ, ಹುಡುಗಿಯ ಕೈಯವಲ್ಲ. ನಲವತ್ತರ ಸಮೀಪದಲ್ಲಿದ್ದ ಸಂಸಾರಸ್ಥೆಯ ಕೈಯವು.

1810ರ ಒಂದು ಚಿತ್ರಕ್ಕೆ ‘ಲೊಲೊಟ್ ಮತ್ತು ವರ್ಟರ್’ ಎಂದು ಹೆಸರು. ನಮ್ಮ ಶಾಕುಂತಲವನ್ನು ಜರ್ಮನ್ ಭಾಷೆಯಲ್ಲಿ ಓದಿ ಮನಸಾರೆ ಕೊಂಡಾಡಿದ ಗಯಟೆ ಕವಿಯು 1774ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಪರರಿಗೆ ನಿಶ್ಚಿತಳಾದ ಹೆಣ್ಣನ್ನು ಪ್ರೀತಿಸಿದ ತರುಣನು ಕೊನೆಗೆ ಪಿಸ್ತೂಲಿನಿಂದ ಪ್ರಾಣ ಕಳೆದುಕೊಳ್ಳುವ ಕಥೆ ಅದು. ಯೂರೋಪನ್ನು ಕಣ್ಣೀರಿಡಿಸಿದ ಆ ಕಥೆಯು ಅಚ್ಚಿನ ಚಿತ್ರಗಳಾಗಿಯೂ ಹರಡಿತು. ಅವನ ಗೋರಿಯ ಬಳಿ ಆಕೆ ಶೋಕಿಸುವ ನೋಟವನ್ನು ಅಮೆರಿಕಾದ ಹುಡುಗಿಯರು ರೇಷ್ಮೆಯಲ್ಲಿ ಹೊಲಿದರು, ಬಣ್ಣದಲ್ಲಿ ಬರೆದರು.

ಪಿನ್ನಿಯೂ ಇಂಗ್ಲೆಂಡಿನ ಅಚ್ಚಿನ ಚಿತ್ರಗಳನ್ನು ನೋಡಿಕೊಂಡು ಬರೆದವಳೇ. ಆದರೆ ಅವುಗಳ ನೆರಳು ಬೆಳಕಿನ ನಯ ಈಕೆಯಲ್ಲಿಲ್ಲ. ಗಟ್ಟಿಯಾದ ಗೆರೆ, ತೂಕವುಳ್ಳ ಆಕೃತಿಗಳು, ಅಗಲವಾಗಿ ಹಾಸಿದ ಬಣ್ಣ. ಎರವಲು ತಂದ ಕಥೆಯು ಹೀಗೆ ಮನೆಯದಾಯಿತು.

ಗೋರಿ, ಬಾಗಿದ ವಿಲೋ ಮರ, ಅಳುವ ಬಂಧುಗಳು, ಇವನ್ನು ಬರೆದು ತೀರಿಕೊಂಡವರ ನೆನಪಿಗೆ ಗೋಡೆಯ ಮೇಲೆ ತೂಗುಹಾಕುವ ವಾಡಿಕೆಯು 1799ರಲ್ಲಿ ವಾಷಿಂಗ್ಟನ್ ಮಹಾಶಯನು ಮೃತನಾದ ಮೇಲೆ ಅಲ್ಲಿ ಬಹಳ ಬೆಳೆಯಿತು. ಪಿನ್ನಿಯು ಅಂತಹ ಚಿತ್ರವೊಂದನ್ನು 1813ರಲ್ಲಿ ತನಗಾಗಿಯೇ ಬರೆದುಕೊಂಡಳು! ಆಗ ಅವಳಿಗೆ ಸುಮಾರು ನಲವತ್ತಮೂರು ವರ್ಷ.

ವಾಚಕರು ಇದನ್ನು ಅಮಂಗಳವೆನ್ನಬಹುದು. ನನಗೆ ಹಾಗೆ ತೋರದು. ಕಥೆಯ ವರ್ಟರನು ದುಃಖವನ್ನು ತಾಳಲಾರದೆ ಹೋದನು. ಅವನನ್ನು ಬರೆದವಳು ತನ್ನ ಮರಣವನ್ನೂ ಕಾಗದದ ಮೇಲಿರಿಸಿ ನೋಡಿ, ಮನೆಗೆಲಸಕ್ಕೆ ಹಿಂದಿರುಗಿ, ಇನ್ನೂ ಮೂವತ್ತಾರು ವರ್ಷ ಬಾಳಿ 1849ರಲ್ಲಿ ತೀರಿಕೊಂಡಳು.

ವರ್ಟರನ ಚಿತ್ರವು ಈಗ ವಾಷಿಂಗ್ಟನ್ ನಗರದ ರಾಷ್ಟ್ರೀಯ ಚಿತ್ರಶಾಲೆಗೆ ಸೇರಿದೆ. ನದಿ ಮಾತ್ರ ಆಕೆಯ ತೌರೂರಿನಿಂದ ಗಂಡನ ಊರಿಗೆ ಎಂದಿನಂತೆಯೇ ಹರಿಯುತ್ತಿದೆ.